ಮಾಸ್ತಮ್ಮ ಬಿಡದ ಕಾಯಿ

ಶರಾವತಿ ಕಡಲು ಸೇರುವ ಹೊನ್ನಾವರದ ಅಳಿವೆಗೆ ಹೊಸ ಹಡಗು ಯಾವುದೇ ಬರಲಿ, ಮೊದಲು ಮಾಸ್ತಮ್ಮನ ಮನೆಯವರು ಗಂಗಾಮಾತೆಗೆಂದು ಒಂದು ಇಡೀ ತೆಂಗಿನಕಾಯಿಯನ್ನು ನೀರಿಗೆ ಬಿಡಬೇಕು. ಆಮೇಲೆಯೇ ಊರ ದೋಣಿಗಳು ಮುಂದೆ ಹೋಗಿ, ಮರಳದಿಬ್ಬ ತಪ್ಪಿಸಿ, ಒಳಗೆ ಕರೆತರುವುದು. ಅಂದೂ ಮಾಸ್ತಮ್ಮ ಮಿಂದು, ಅರಿಶಿನ ಹಚ್ಚಿದ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ದಡದಲ್ಲಿ ಕೂತಿದ್ದಳು. ಬರುವುದು ಹಳೇ ಕಾಲದ ಮಾದರಿಯ ಹಾಯಿಹಡಗು ಎಂದಷ್ಟೇ ಅವಳಿಗೆ ಗೊತ್ತು. ಮಗ ವೆಂಕಟ ದೋಣಿಯ ಇಂಜಿನ್ ಶುರುಮಾಡಿ ಅಮ್ಮನ ಕೈಯನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ದಡದ ಸ್ವಾಗತ ಚಪ್ಪರದ ಮೈಕು ಕೂಗಿತು: "ಐನೂರು ವರ್ಷದ ಹಿಂದೆ ನಮ್ಮೂರಿಗೆ ಅತಿಥಿಯಾಗಿ ಬಂದ ವಾಸ್ಕೋ ಡ ಗಾಮನ ದಾರಿಯಲ್ಲೇ ಈ ಹಡಗು ಬರುತ್ತಿದೆ!"

ಮಾಸ್ತಮ್ಮನ ಬೆರಳುಗಳು ಕಾಯಿಯ ಮೇಲೆ ಬಿಗಿಯಾದವು.

ಅತಿಥಿಯಂತೆ! ಶ್ರಾವಣದ ನೂಲಹುಣ್ಣಿಮೆಗೆ ಅವಳ ಮನೆಯಲ್ಲಿ ಒಂದು ಎಡೆ ಹೆಚ್ಚಿಗೆ ಬಡಿಸುತ್ತಾರೆ. ಗಾಮನ ಜನ ಈ ಹೊಳೆಯಲ್ಲಿ ದೋಣಿಗಳಿಗೆ ಬೆಂಕಿಯಿಟ್ಟಾಗ ಸುಟ್ಟುಹೋದವರ ಎಡೆ ಅದು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಆ ಎಡೆಗೆ ಬಿಸಿಯನ್ನ ಹಾಕುವಂತಿಲ್ಲ. ಉರಿ ಕಂಡ ಜೀವಗಳು, ಆರಿಸಿ ಬಡಿಸಬೇಕು. ಸೊಸೆಯಾಗಿ ಬಂದ ವರ್ಷ ಗೊತ್ತಿಲ್ಲದೆ ಬಿಸಿಯನ್ನ ಬಡಿಸಿದ್ದಕ್ಕೆ ಅತ್ತೆ ಅವಳ ಕೈಗೇ ಹೊಡೆದಿದ್ದಳು.

ಕಾರ್ಯಕ್ರಮ ನಡೆಸುತ್ತಿದ್ದ ಕುಮಟೆಯ ಸುಹಾಸ ಓಡಿಬಂದ. "ಎಂತ ಆತು ಅಮ್ಮಾ? ಭರತದ ನೀರು ಇಳಿಯೂದ್ರೊಳಗೆ ಕಾಯಿ ಬಿಡಿ. ಹಡಗು ಹೊರಗೆ ಕಾಯ್ತಾ ಇದೆ."

"ಬಿಡೂದಿಲ್ಲ. ಉಂಡ ಮನೆಗೆ ಬೆಂಕಿ ಹಾಕೂ ಅತಿಥಿ ಯಾರ ಮನೇಲಿದ್ದ ತಮ್ಮಾ?"

ಸುಹಾಸ ದನಿ ತಗ್ಗಿಸಿದ. "ಅದು ನಂಗೂ ಗೊತ್ತು. ಐನೂರು ವರ್ಷ ಆತು, ಈಗ ಯಾರಿಗೆ ನೆನಪಿದೆ?"

"ಅವ ಬಂದ ದಾರಿ ನೆನಪಿದೆ, ಸುಟ್ಟದ್ದು ಮಾತ್ರ ಮರ್ತುಹೋಯ್ತಾ? ಇಲ್ಲಿ ಸುಟ್ಟ ಅಂತ ಅದೇ ಮೈಕಲ್ಲಿ ಹೇಳಿ. ಆ ಕ್ಷಣ ಬಿಡ್ತೆ. ಈಗ ಹಡಗಲ್ಲಿ ಬರೂ ಹುಡುಗರ ಮೇಲೆ ನಂಗೆಂತ ಸಿಟ್ಟು?"

"ದೊಡ್ಡೋರೆಲ್ಲ ಕೂತಿದ್ದಾರೆ ಅಮ್ಮಾ. ಅವರೆದುರು ಹೇಗೆ ಹೇಳೂದು?"

"ಯಾಕೆ, ದೊಡ್ಡೋರಿಗೆ ಕಿವಿ ಇಲ್ವಾ?"

ಮೀನುಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಘೊಳ್ಳೆಂದು ನಕ್ಕರು. ಸುಹಾಸನ ಮುಖ ಕೆಂಪಾಯಿತು. ದಡದಡನೆ ಹೋಗಿ ಚಪ್ಪರದ ಕಲಶದ ಕಾಯನ್ನೇ ಕಿತ್ತು ತಂದು ನೀರಿಗೆಸೆದ. "ಕಾಯಿ ಬಿತ್ತು! ಹೊರಡ್ರೋ!"

ವೆಂಕಟ ಇಂಜಿನ್ ಆರಿಸಿದ. ಅವನ ಹಿಂದಿನ ದೋಣಿ ಸುಮ್ಮನಾಯಿತು, ಅದರ ಹಿಂದಿನದೂ. ಅಳಿವೆಯಲ್ಲಿ ಬರೀ ತೆರೆಯ ಸದ್ದು. ಒಂದು ತೆರೆ ಸುಹಾಸನ ಕಾಯನ್ನು ಉರುಳಿಸಿಕೊಂಡು ಬಂದು ಅವನ ಹೊಸ ಬೂಟಿನ ಪಕ್ಕ ಬಿಟ್ಟುಹೋಯಿತು.

ಭರತದ ನೀರು ಇಳಿದು ಮರಳದಿಬ್ಬ ಮೇಲೆದ್ದಿತು. ಹೊರಗೆ ಕಾದಿದ್ದ ಹಡಗಿನ ಬಿಳಿಹಾಯಿ ತೆಂಕಕ್ಕೆ ತಿರುಗಿತು.

"ಭಟ್ಕಳದಲ್ಲಾದ್ರೂ ಇಳಿಸ್ತೇವೆ ಬಿಡಿ," ಎಂದ ಸುಹಾಸ ಹಲ್ಲುಕಚ್ಚಿ.

"ಇಳಿಸಿ. ಅಲ್ಲಿ ಆ ಗಾಮ ಹೆದರಿಸಿ ಅಕ್ಕಿ ತಕಂಡು ಹೋಗಿದ್ದನಂತೆ. ವಾಪಸು ತಂದಿದ್ದಾರಾ ಕೇಳಿ."

ಮಾಸ್ತಮ್ಮ ಕಾಯಿ ಹಿಡಿದೇ ಮನೆಗೆ ಬಂದಳು. ದೇವರ ಮುಂದೆ ಕಾಯಿಯಿಟ್ಟು ಕೈಮುಗಿದಳು. ನೂಲಹುಣ್ಣಿಮೆಯಲ್ಲ, ಆದರೂ ಒಂದು ಎಲೆ ಹೆಚ್ಚಿಗೆ ಹಾಕಿದಳು. ವೆಂಕಟ ಅನ್ನದ ಪಾತ್ರೆಗೆ ಸೌಟು ಹಾಕಿದ.

ಅವಳು ಮಗನ ಕೈ ಹಿಡಿದಳು. "ತಡಿ. ಹಬೆ ಹೋಗಲಿ," ಎಂದು ಸೆರಗಿನಿಂದ ಅನ್ನಕ್ಕೆ ಗಾಳಿ ಹಾಕತೊಡಗಿದಳು.