ಮೂರು ಮೊಟ್ಟೆಯ ತೆರ

ಮಸ್ವಿಂಗೋ ಪೇಟೆಯಲ್ಲಿ ಆ ವರ್ಷ ಬೆಲೆ ಏರುತ್ತಿದ್ದ ವೇಗ ಎಂಥದ್ದೆಂದರೆ, ಅಂಗಡಿ ಬಾಗಿಲಲ್ಲಿ ಕೋಳಿ ಕೊಳ್ಳುವಷ್ಟು ಸಾಹುಕಾರನಾಗಿದ್ದವನು ಗಲ್ಲಾದ ಹತ್ತಿರ ಹೋಗುವಷ್ಟರಲ್ಲಿ ಈರುಳ್ಳಿಗೂ ಗತಿಯಿಲ್ಲದವನಾಗುತ್ತಿದ್ದ. ಅಂಥ ಕಾಲದಲ್ಲೇ ತಪೇರನಿಗೆ ಮದುವೆಯ ಹುಚ್ಚು ಹಿಡಿಯಿತು. ಹುಡುಗಿ ಸೆಕೆಸಾಯಿ. ತೆರದ ಮಾತಾಡಲು ಮಧ್ಯಸ್ಥನಾಗಿ ಹೋದವನು ಅವನ ಗೆಳೆಯ ಗರಿಕಾಯಿ. ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಗೆ ತೆರ ಕೊಡದೆ ಹುಡುಗಿಯನ್ನು ಕಳಿಸುವುದಿಲ್ಲ. ಮಾತು ಕೆಟ್ಟರೆ ಒದೆ ತಿನ್ನುವವನು ಮದುಮಗನಲ್ಲ, ಮಧ್ಯಸ್ಥ.

ಗರಿಕಾಯಿ ಮರದ ತಟ್ಟೆಯಲ್ಲಿ ಬಾಯಿ ಬಿಡಿಸುವ ಕಾಣಿಕೆ ಇಟ್ಟ ಮೇಲೆ ಹುಡುಗಿಯ ಅಪ್ಪ ಚಿರಂಡು ಬಾಯಿ ಬಿಟ್ಟ. ಪೇಟೆ ಮನೆಯಲ್ಲಿ ಹಸು ಕಟ್ಟುವುದೆಲ್ಲಿ, ನಾಲ್ಕು ಹಸುವಿನ ಬೆಲೆ ದುಡ್ಡಿನಲ್ಲೇ ಬರಲಿ ಎಂದು ಒಂದು ಅಂಕಿ ಹೇಳಿದ. ಅದರ ಸೊನ್ನೆಗಳು ಮುಗಿಯುವಷ್ಟರಲ್ಲಿ ಚಹಾ ಆರಿಹೋಗಿತ್ತು. ಇಂಥಲ್ಲಿ ಮಧ್ಯಸ್ಥ ಚಪ್ಪಾಳೆ ತಟ್ಟುತ್ತ ಗೋಗರೆಯಬೇಕು, ಅದು ಪದ್ಧತಿ. ಗರಿಕಾಯಿ ಒಂದೇ ಮಾತಿಗೆ ಒಪ್ಪಿ, ತಿಂಗಳ ಗಡುವು ಮಾತ್ರ ಕೇಳಿದ. ಚಿರಂಡು ಉಬ್ಬಿಹೋದ.

ತಿಂಗಳಾದ ಮೇಲೆ ಗರಿಕಾಯಿ ಅಷ್ಟೂ ದುಡ್ಡು ತಂದ. ಅಷ್ಟೂ ಸೊನ್ನೆ ಹೊತ್ತ ಒಂದೇ ನೋಟು. ಹುಡುಗಿಯ ಸೋದರತ್ತೆ ಅದನ್ನು ಹಿಡಿದು ಅಂಗಡಿಗೆ ಓಡಿ ಮೂರು ಮೊಟ್ಟೆ ತಂದಳು. ದಾರಿಯಲ್ಲಿ ಚಪ್ಪಲಿ ಕಿತ್ತುಹೋಗಿ ತಡವಾಗಿದ್ದರೆ ಎರಡೇ ಸಿಗುತ್ತಿದ್ದವಂತೆ. ಹಿರಿಯರೆದುರು ಕೊಟ್ಟ ಮಾತು, ಚಿರಂಡು ನುಂಗಿಕೊಂಡ. ಸೆಕೆಸಾಯಿ ನುಂಗಲಿಲ್ಲ.

“ಗರಿಕಾಯಣ್ಣ, ಮೂರು ಮೊಟ್ಟೆಗೆ ಬಂದೋಳು ಅಂತ ನಾಳೆ ನನ್ನ ಮಕ್ಕಳೇ ಆಡ್ಕೋತಾರೆ. ನಾ ಬರಲ್ಲ. ಆಮ್ಲೆಟ್ ಮಾಡ್ಕೊಂಡು ನೀನೇ ಹೋಗಿ ಅವನ ಜೊತೆ ಸಂಸಾರ ಮಾಡು.”

ಅಷ್ಟರಲ್ಲಿ ನಮ್ಮ ದೇಶದ ದುಡ್ಡು ಸತ್ತು, ಅದರ ಜಾಗಕ್ಕೆ ಅಮೆರಿಕದ ಡಾಲರು ಬಂತು. ತೆರದ ಮಾತು ಮತ್ತೆ ಮೊದಲಿನಿಂದ ಶುರುವಾಯಿತು, ಹಸುವಿಗೆ ನಾನೂರರಂತೆ ಸಾವಿರದ ಆರುನೂರು ಡಾಲರು ಎಂದ ಚಿರಂಡು. ಒಮ್ಮೆ ಗೆದ್ದಿದ್ದ ಗರಿಕಾಯಿ ಮೀಸೆಯಲ್ಲೇ ನಕ್ಕು ಒಪ್ಪಿ, ಈ ಸಲ ಆರು ತಿಂಗಳು ಕೇಳಿದ. ತಪೇರನಿಗೆ ಹಳ್ಳಿಯಲ್ಲಿ ನಾಲ್ಕು ಹಸುಗಳಿದ್ದವು. ಅವತ್ತೇ ಮಾರಿದ್ದರೆ ಸರಿಹೋಗುತ್ತಿತ್ತು. ಡಾಲರೂ ಕರಗಲಿ, ಒಂದೇ ಹಸುವಿನಲ್ಲಿ ಮುಗಿಸೋಣ ಎಂದು ತಡೆದವನು ಗರಿಕಾಯಿಯೇ.

ಈ ಡಾಲರು ಕರಗುವ ಜಾತಿಯದಲ್ಲ. ಹೆಚ್ಚಿನವರ ಕೈಯಲ್ಲಿ ಅದು ಇರಲೇ ಇಲ್ಲ, ಇದ್ದವರು ಬಿಚ್ಚಲಿಲ್ಲ. ಬೆಲೆ ಇಳಿಯತೊಡಗಿತು. ಹಸು ಇನ್ನೂರಕ್ಕೆ ಬಂತು. ಕೊಳ್ಳುವವರು ನಾಳೆ ಇನ್ನೂ ಇಳಿಯುತ್ತದೆಂದು ನಾಳೆ ಬಾ ಎನ್ನುತ್ತಿದ್ದರು. ನಾಲ್ಕು ಹಸುವಿನ ತೆರಕ್ಕೆ ಈಗ ಎಂಟು ಹಸು ಬೇಕು. ತಪೇರ ಗೆಳೆಯನನ್ನು ಊರೆಲ್ಲ ಅಟ್ಟಾಡಿಸಿದ.

ಗಡುವಿನ ದಿನ ಗರಿಕಾಯಿ ಬರಿಗೈಯಲ್ಲಿ ಹೋಗಿ, ಅಂಗೈ ಊದಿಕೊಳ್ಳುವಷ್ಟು ಚಪ್ಪಾಳೆ ತಟ್ಟಿ ಬೇಡಿಕೊಂಡ.

“ಮಾತು ಅಂದ್ರೆ ಮಾತೇ ಅಲ್ವೇನಪ್ಪಾ?” ಎಂದ ಚಿರಂಡು. “ಹೋದ ಸಲ ನಾನು ಪೆಟ್ಟು ತಿಂದೆ, ಈ ಸಲ ನೀನು ತಿನ್ನು.”

ಒಳಗಿಂದ ಸೆಕೆಸಾಯಿ ಬಂದಳು. “ಅಪ್ಪಾ, ನೋಟಿನ ಗೊಡವೆ ಬಿಡು. ಮೊದಲು ನೀನೇ ನಾಲ್ಕು ಹಸು ಅಂದಿದ್ದೆ, ಹಸುನೇ ಹೊಡ್ಕೊಂಡ್ ಬರ್ಲಿ. ಇಲ್ಲಾಂದ್ರೆ ನಾನು ಮುದುಕಿ ಆಗೋವರೆಗೂ ನಿನ್ನನ್ನೇ ಬೈಕೊಂಡು ಇಲ್ಲೇ ಕೂತಿರ್ತೀನಿ.”

ಚಿರಂಡುವಿಗೆ ಮಗಳ ನಾಲಿಗೆ ಗೊತ್ತಿತ್ತು. ತಕ್ಷಣ ಒಪ್ಪಿದ.

ಎರಡು ದಿನ ಹೆದ್ದಾರಿಯಲ್ಲಿ ಲಾರಿಗಳ ಬೈಗುಳ ತಿನ್ನುತ್ತ ಗರಿಕಾಯಿ ನಾಲ್ಕು ಹಸುಗಳನ್ನೂ ನಡೆಸಿಕೊಂಡು ಬಂದ. ಬಂದ ಕೂಡಲೇ ಒಂದು ಸೋದರತ್ತೆಯ ಸೊಪ್ಪಿನ ಮಡಿ ಮೇಯ್ದಿತು, ಇನ್ನೊಂದು ಚಿರಂಡುವಿನ ಮಲಗುವ ಕೋಣೆಗೇ ನುಗ್ಗಿತು. ಮನೆಯವರೆಲ್ಲ ಅದರ ಬಾಲ ಹಿಡಿದು ಎಳೆಯುತ್ತಿರುವಾಗ ಸೆಕೆಸಾಯಿ ಗಂಟು ಹೊತ್ತು, ಗರಿಕಾಯಿಯನ್ನೂ ಕಾಯದೆ, ತಪೇರನ ಹಳ್ಳಿಯ ಬಸ್ಸು ಹತ್ತಿದಳು.