ಮಿಲಿಟರಿ ಉಪಾಧ್ಯರ ಮರಣಪತ್ರ

ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಹೋಟೆಲಿನ ಗಲ್ಲಾದ ಹಿಂದೆ ಅಜ್ಜನ ಫೋಟೋ ಇದೆ. ಖಾಕಿ ಬಟ್ಟೆ, ಸೊಂಟಕ್ಕೆ ಪಟ್ಟಿ, ಗತ್ತಿನ ಮೀಸೆ. ಕೆಳಗೆ ಗಾಜಿನ ಚೌಕಟ್ಟಿನಲ್ಲಿ ಒಂದು ಪದಕ. ಹೆಸರು ಪದ್ಮನಾಭ ಉಪಾಧ್ಯ. ಗಿರಾಕಿಗಳ ಬಾಯಲ್ಲಿ ಮಿಲಿಟರಿ ಉಪಾಧ್ಯರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಗಡಿಗೆ ಹೋಗಿ ಸಿಪಾಯಿಗಳಿಗೆ ಅಡುಗೆ ಮಾಡಿ ಹಾಕಿ ಬಂದವರು ಎಂದು ಬಾಯಿಪಾಠ ಮಾಡಿಕೊಂಡು ನಾವು ಬೆಳೆದೆವು. ಶಾಲೆಯಲ್ಲಿ ಅದರ ಮೇಲೆ ಭಾಷಣ ಮಾಡಿ ನಾನೊಂದು ಸ್ಟೀಲ್ ಲೋಟ ಗೆದ್ದಿದ್ದೆ. ಈಗ ಆ ಲೋಟದಲ್ಲಿ ನೀರು ಕುಡಿಯಲೂ ಹೇಸಿಗೆಯಾಗುತ್ತದೆ.

ಹೋಟೆಲು ನಡೆಸುವವನು ನನ್ನ ತಮ್ಮ ಸುಕೇಶ್. ಬರುವ ವರ್ಷ ಹೋಟೆಲಿಗೆ ತೊಂಬತ್ತು ತುಂಬುತ್ತದೆ. ಮೆನು ಕಾರ್ಡಿನ ಮೇಲೆ ಅಜ್ಜನ ಸೇವಾ ದಾಖಲೆ ಅಚ್ಚು ಹಾಕಿಸುವ ಹುಚ್ಚು ಅವನಿಗೆ ಹಿಡಿಯಿತು. ನಾನು ಮೂವತ್ತೈದು ವರ್ಷ ಸರ್ಕಾರಿ ಕಡತಗಳ ಧೂಳು ಕುಡಿದು ನಿವೃತ್ತಳಾದವಳು.

"ಹರಿಣಿ ಅಕ್ಕ, ನಿಂಗೆ ಈ ಫೈಲು ಗೀಲು ಎಲ್ಲ ಗೊತ್ತುಂಟಲ್ಲ, ಸ್ವಲ್ಪ ನೋಡು ಮಾರಾಯ್ತಿ. ಒಂದು ಸರ್ಟಿಫಿಕೇಟ್ ಸಿಕ್ಕಿದ್ರೆ ಬಸ್, ಅಷ್ಟೇ ಸಾಕು," ಎಂದ.

ಅಜ್ಜನ ಹೆಸರು, ಊರು, ತಂದೆಯ ಹೆಸರು ಬರೆದು ಸೇನೆಯ ದಾಖಲೆ ಕಚೇರಿಗೆ ಅರ್ಜಿ ಹಾಕಿದೆ. ಮೂರು ಸಲ ನೆನಪಿಸಿದೆ. ಏಳು ತಿಂಗಳಾದ ಮೇಲೆ ದಪ್ಪ ಲಕೋಟೆ ಬಂತು.

ಮೊದಲ ಹಾಳೆಯಲ್ಲೇ ಅಜ್ಜ ಸತ್ತಿದ್ದರು. ೧೯೪೪ರ ಜೂನ್ ಹದಿನೇಳು, ಇಂಫಾಲದ ಹತ್ತಿರ, ಅಡುಗೆಯ ಡೇರೆಯ ಮೇಲೆ ಶೆಲ್ ಬಿದ್ದು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸಿಯಲ್ಲಿ ಕಾಫಿ ಕುಡಿಸಿದ ಅಜ್ಜ ತೀರಿಕೊಂಡದ್ದು ೧೯೮೧ರಲ್ಲಿ. ನಾನು ಗಟ್ಟಿಯಾಗಿ ನಕ್ಕೆ. ಯಾವನೋ ಗುಮಾಸ್ತ ಹಾಳೆ ಅದಲುಬದಲು ಮಾಡಿದ್ದಾನೆ ಎಂದುಕೊಂಡೆ. ಅಂಥ ಎಡವಟ್ಟು ಸರಿಮಾಡಿಯೇ ನಾನು ಸಂಬಳ ತಿಂದದ್ದು.

ಎರಡನೆಯ ಹಾಳೆಗೆ ನಗು ನಿಂತಿತು. ಹೆಸರು, ಊರು, ತಂದೆ, ಜಾತಿ ಬ್ರಾಹ್ಮಣ, ಎಲ್ಲ ಸರಿ. ಆದರೆ ಸಹಿ ಇರಬೇಕಾದಲ್ಲಿ ಹೆಬ್ಬೆಟ್ಟು. ಅಜ್ಜ ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ತಿಂಡಿಗಳ ಪಟ್ಟಿ ಬರೆಯುತ್ತಿದ್ದವರು. ಗುರುತಿನ ಚಿಹ್ನೆ ಎಂಬಲ್ಲಿ ಹೀಗಿತ್ತು: ಜನಿವಾರ ಧರಿಸಿದ್ದಾನೆ, ಎರಡೂ ಪಾದಗಳ ಒಳಬದಿಯ ಚರ್ಮ ಮರ ಹತ್ತಿ ದಡ್ಡುಗಟ್ಟಿದೆ. ಹೆಂಡತಿಯ ಹೆಸರು: ಅಕ್ಕು ಪೂಜಾರ್ತಿ.

ಬರೆದುಕೊಂಡ ಗುಮಾಸ್ತನಿಗೆ ಉಡುಪಿ ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆಯ ಮಗುವಿಗೂ ಗೊತ್ತು, ಉಪಾಧ್ಯರ ಹೆಂಡತಿ ಪೂಜಾರ್ತಿಯಾಗುವುದಿಲ್ಲ. ಪೂಜಾರ್ತಿಯ ಗಂಡ ಪೂಜಾರಿ, ಕಳ್ಳು ಇಳಿಸುವ ಮನೆಯವನು. ಹೇಳಿಕೊಟ್ಟ ಸುಳ್ಳನ್ನೆಲ್ಲ ಒಪ್ಪಿಸಿದ ಆ ಮನುಷ್ಯ ಹೆಂಡತಿಯ ಹೆಸರು ಕೇಳಿದಾಗ ಮಾತ್ರ ನಿಜ ಹೇಳಿಬಿಟ್ಟಿದ್ದ.

ಅಕ್ಕುವಿನ ಗಂಡ ಯಾರೆಂದು ನನಗೆ ಗೊತ್ತಿತ್ತು. ಚೆನ್ನಯ, ನಮ್ಮ ಹೋಟೆಲಿನಲ್ಲಿ ಎಂಜಲು ತಟ್ಟೆ ತೊಳೆಯುತ್ತಿದ್ದವನು. ಅಜ್ಜ ಹೇಳುತ್ತಿದ್ದ ಕತೆ ಹೀಗಿತ್ತು: ನಮ್ಮ ಸಾಂಬಾರಿಗೆ ಮರುಳಾದ ಒಬ್ಬ ಮಿಲಿಟರಿ ಅಧಿಕಾರಿ, ಎಲ್ಲ ಜಾತಿಯ ಸಿಪಾಯಿಗಳೂ ಉಣ್ಣುವಂತೆ ಬ್ರಾಹ್ಮಣ ಅಡುಗೆಯವನು ಬೇಕೆಂದು ಕೇಳಿದ, ಅಜ್ಜ ಮಾತು ಕೊಟ್ಟರು, ಅದಕ್ಕೆ ಬದಲಾಗಿ ಹೋಟೆಲಿಗೆ ರೇಷನ್ ಸಕ್ಕರೆಯ ಪರ್ಮಿಟ್ ಸಿಕ್ಕಿತು, ಕೆಲಸಕ್ಕೆಂದು ಚೆನ್ನಯನನ್ನೂ ಜೊತೆಗೆ ಕರೆದುಕೊಂಡು ಹೋದರು, ಅವನು ಬರ್ಮಾದವಳೊಬ್ಬಳನ್ನು ಕಟ್ಟಿಕೊಂಡು ಅಲ್ಲೇ ಉಳಿದ.

ಅಜ್ಜ ಹೋಗಲೇ ಇಲ್ಲ. ಫೋಟೋದ ಖಾಕಿ ಯಾವುದೋ ಸ್ಟುಡಿಯೋದ ಬಾಡಿಗೆ ಬಟ್ಟೆಯಿರಬೇಕು. ಬಾಂಬಿನ ಹೆದರಿಕೆಗೆ ಆ ವರ್ಷಗಳಲ್ಲಿ ಹೋಟೆಲನ್ನು ಭಾವನ ಕೈಗೆ ಕೊಟ್ಟು ಊರಿನಲ್ಲಿ ಕೂತಿದ್ದರೆಂದು ಅಜ್ಜಿ ಒಮ್ಮೆ ಬಾಯಿ ಜಾರಿದ್ದಳು. ಮುದುಕಿಗೆ ಮರೆವು ಎಂದು ನಾವೆಲ್ಲ ತಳ್ಳಿಹಾಕಿದ್ದೆವು. ತನ್ನ ಅಡುಗೆಮನೆಯ ಹೊಸ್ತಿಲು ದಾಟಲು ಬಿಡದವನಿಗೆ ತಾನೇ ಜನಿವಾರ ಹಾಕಿ, ತನ್ನ ಹೆಸರು ಕೊಟ್ಟು, ಸಾಯಲು ಕಳಿಸಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಹೇಡಿ ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಕೊನೆಯ ಹಾಳೆ ರಸೀದಿ. ಮರಣಪತ್ರ ಅಕ್ಕು ಪೂಜಾರ್ತಿಯ ಹೆಸರಿಗೆ, ಹೋಟೆಲಿನ ವಿಳಾಸಕ್ಕೆ ಬಂದು ಅಲ್ಲಿಂದ ಊರಿಗೆ ಹೋಗಿದೆ. ಯುದ್ಧ ಮುಗಿದ ಮೇಲೆ ಪದಕವೂ ಬಂದಿದೆ. ಎರಡಕ್ಕೂ ಅವಳ ಪರವಾಗಿ ಸಹಿ ಹಾಕಿದ್ದು ಅದೇ ಮುತ್ತಿನಂಥ ಅಕ್ಷರದ ಪದ್ಮನಾಭ ಉಪಾಧ್ಯ. ತನ್ನ ಸಾವಿನ ಕಾಗದವನ್ನು ತಾನೇ ಸಹಿ ಹಾಕಿ ತೆಗೆದುಕೊಂಡು ಕಿಸೆಗಿಳಿಸಿದ್ದಾರೆ.

ನಾನು ಎಂಟು ಹತ್ತು ವರ್ಷದವಳಿದ್ದಾಗ ಚೆನ್ನಯನ ಮಗಳು ವಸಂತಿ ಉಪನಗರದ ಜೋಗೇಶ್ವರಿಯಿಂದ ವರ್ಷಕ್ಕೊಮ್ಮೆ ಬರುತ್ತಿದ್ದಳು. ಹಿಂದಿನ ಬಾಗಿಲಲ್ಲಿ, ತಟ್ಟೆ ತೊಳೆಯುವ ಕಟ್ಟೆಯ ಹತ್ತಿರ ನಿಂತು, "ಧನಿಗಳೇ, ಅಪ್ಪನ ಸುದ್ದಿ ಏನಾದ್ರೂ?" ಎಂದು ಕೇಳುತ್ತಿದ್ದಳು. ಅಜ್ಜ ನಗುತ್ತ, "ನಿನ್ನಪ್ಪ ಅಲ್ಲಿ ಹೊಸ ಸಂಸಾರದಲ್ಲಿ ಸುಖವಾಗಿದ್ದಾನೆ, ನೀನ್ಯಾಕೆ ಒದ್ದಾಡ್ತಿ," ಎನ್ನುತ್ತಿದ್ದರು. ಆಮೇಲೆ ಉಳಿದ ವಡೆಗಳ ಪೊಟ್ಟಣ. ಅದನ್ನು ಅವಳ ಕೈಗೆ ಮುಟ್ಟದಂತೆ ಮೇಲಿನಿಂದ ಹಾಕುವ ಕೆಲಸ ನನ್ನದಾಗಿತ್ತು. ನಾನು ಅದನ್ನು ಬಹಳ ಚೆನ್ನಾಗಿ ಮಾಡುತ್ತಿದ್ದೆ.

ಮರುದಿನ ಸುಕೇಶನ ಮುಂದೆ ಹಾಳೆಗಳನ್ನು ಹರಡಿದೆ. ಅವನು ಓದಿದ. ಮುಖ ಕಪ್ಪಿಟ್ಟಿತು. ನಾಚಿಕೆಯಾಯಿತೆಂದು ಕ್ಷಣಕಾಲ ನಂಬಿದೆ.

"ಅಕ್ಕ, ಇದು ಬೇರೆ ಯಾರಿಗೆಲ್ಲ ಗೊತ್ತುಂಟು?" ಎಂದ.

"ನನಗೆ, ನಿನಗೆ. ಸಂಜೆಯೊಳಗೆ ವಸಂತಿಯಕ್ಕನಿಗೆ."

"ಪಾಗಲ್ ಆಗ್ಬೇಡ. ಎಂಬತ್ತು ವರ್ಷದ ಹಿಂದಿನ ಮ್ಯಾಟರ್. ಆ ಮುದುಕಿ ಇವತ್ತೋ ನಾಳೆಯೋ. ನಮ್ಮ ಬೋರ್ಡಿನ ಗತಿ ಎಂತ? ಜನ ಅಜ್ಜನ ಹೆಸರಿಗೆ ಬರ್ತಾರೆ ಮಾರಾಯ್ತಿ."

ನಾನು ಸ್ಟೂಲು ಹತ್ತಿ ಪದಕದ ಚೌಕಟ್ಟನ್ನು ಗೋಡೆಯಿಂದ ಕಿತ್ತೆ. ಇಡ್ಲಿ ತಿನ್ನುತ್ತಿದ್ದವರು ಬಾಯಿ ತೆರೆದು ನೋಡಿದರು. ಸುಕೇಶನಿಗೆ ಗಿರಾಕಿಗಳ ಮುಂದೆ ಕೂಗುವ ಧೈರ್ಯವಿಲ್ಲ. ಅದು ಅಜ್ಜನಿಂದಲೇ ಬಂದ ಗುಣವಿರಬೇಕು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಓಡಿಬಂದು ಒಂದು ಪೊಟ್ಟಣ ಕೈಗಿಟ್ಟ.

"ಖಾಲಿ ಕೈಯಲ್ಲಿ ಹೋಗ್ಬೇಡ. ವಡೆ ಉಂಟು. ಸ್ವಲ್ಪ ಸಮಾಧಾನ ಮಾಡಿ ಬಾ."

ನನಗೆ ಅವನ ಮುಖ ನೋಡಲಾಗಲಿಲ್ಲ. ಪೊಟ್ಟಣವನ್ನು ಅವನ ಕಣ್ಣೆದುರೇ ಎಂಜಲಿನ ಡ್ರಮ್ಮಿಗೆ ಹಾಕಿ ಸ್ಟೇಷನ್ನಿಗೆ ನಡೆದೆ.

ಜೋಗೇಶ್ವರಿಯ ಚಾಳಿನ ಒಂದೇ ಕೋಣೆಯ ಮನೆಯಲ್ಲಿ ವಸಂತಿಯಕ್ಕ ಮಂಚದ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎಂಬತ್ತಮೂರು ವರ್ಷ. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದಳು. "ಉಪಾಧ್ಯರ ಮನೆ ಹರಿಣಿಯಮ್ಮನಲ್ವಾ? ಕೂತ್ಕೊಳ್ಳಿ, ಕೂತ್ಕೊಳ್ಳಿ." ನನಗಿಂತ ಇಪ್ಪತ್ತುಮೂರು ವರ್ಷ ದೊಡ್ಡವಳು ನನಗೆ ಅಮ್ಮ ಎನ್ನುತ್ತಾಳೆ, ಎದ್ದು ನಿಲ್ಲುತ್ತಾಳೆ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಎಲ್ಲ ಹೇಳಿದೆ. ಏನನ್ನೂ ಮೃದು ಮಾಡಲಿಲ್ಲ. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಹೆಂಡತಿ ಅಂತ ಯಾರ ಹೆಸರುಂಟು, ಇನ್ನೊಮ್ಮೆ ಹೇಳಿ," ಎಂದಳು.

"ಅಕ್ಕು ಪೂಜಾರ್ತಿ."

"ನಮ್ಮಮ್ಮ ಸಾಯುವವರೆಗೆ ಅಪ್ಪನ ಹೆಸರೆತ್ತಲಿಕ್ಕೆ ಬಿಡಲಿಲ್ಲ. ಇನ್ನೊಬ್ಬಳನ್ನು ಕಟ್ಟಿಕೊಂಡವ ಅಂತ. ಸತ್ತ ಸುದ್ದಿಯೇ ಇಲ್ಲದವರಿಗೆ ಬೊಜ್ಜ ತಿಥಿ ಮಾಡುವುದು ಹೇಗೆ? ಅದೂ ಇಲ್ಲ." ಆಗ ಅವಳ ಕೈ ನಿಂತಿತು. ಸೆರಗಿನಿಂದ ಮುಖ ಮುಚ್ಚಿಕೊಂಡು, ಮೊನ್ನೆ ಅಪ್ಪನನ್ನು ಕಳೆದುಕೊಂಡವಳಂತೆ ಅತ್ತಳು.

ನಾನು ಪದಕವನ್ನು ಮಂಚದ ಮೇಲೆ ಇಟ್ಟೆ. ಅವಳು ಅದನ್ನು ಬೆರಳಿನಿಂದ ಆಚೆ ಸರಿಸಿದಳು. "ಇದರಿಂದ ಎಂತ ಆಗಬೇಕು ನಂಗೆ? ತಾರೀಖು ಹೇಳಿ."

ಜೂನ್ ಹದಿನೇಳು. ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿದೆವು. ಇನ್ನು ಹನ್ನೊಂದು ದಿನ.

"ಆ ದಿನ ಅಪ್ಪನಿಗೆ ಎಲೆ ಹಾಕ್ತೇನೆ. ಮೀನು ಮಾಡ್ತೇನೆ, ಅವರಿಗೆ ಬಂಗುಡೆ ಅಂದ್ರೆ ಪ್ರಾಣ ಅಂತೆ. ಆದರೆ..." ಎಂದು ನನ್ನನ್ನು ನೋಡಿದಳು. "ಹೆಸರು ಹಿಡಿದು ಕರೀಬೇಕಲ್ಲ, ಬಂದು ಉಣ್ಣಿ ಅಂತ. ಅವರು ಸತ್ತದ್ದು ನಿಮ್ಮಜ್ಜನ ಹೆಸರಲ್ಲಿ. ಚೆನ್ನಯ ಅಂತ ಕರೆದರೆ ಬರ್ತಾರಾ? ಕಾಗದದಲ್ಲಿ ಎಲ್ಲಿಯಾದರೂ ಚೆನ್ನಯ ಅಂತ ಉಂಟಾ?"

ಇಪ್ಪತ್ತೆರಡು ಹಾಳೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಇಲ್ಲ ಎಂದೆ.

"ಹಾಗಾದರೆ ನೀವು ಬರಬೇಕು. ನಿಮ್ಮ ಮನೆಯವರೇ ಎಲೆಯ ಮುಂದೆ ನಿಂತು ಹೇಳಬೇಕು, ನಮ್ಮ ಹೆಸರು ನಮಗೆ ಕೊಡು, ನಿನ್ನ ಹೆಸರು ನೀನು ತಗೋ ಅಂತ. ಆಮೇಲೆ ನಾನು ಕರೀತೇನೆ."

ಆ ಹೆಸರನ್ನು ಹಿಂದಕ್ಕೆ ಪಡೆಯಲು ನನಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಬರುತ್ತೇನೆ ಎಂದೆ.