ಏಳು ನೀರು ತೊಳೆದ ಅಕ್ಕಿ

ಕೂಸು ಅಳುತ್ತಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಮುಷ್ಟಿ ಬಿಗಿದಿತ್ತು, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ದನಿ ಮಾತ್ರ ಇರಲಿಲ್ಲ.

"ಅವ್ವಾ, ಲಗೂನ ಬಾ. ಪ್ರಣಿತಾನ ದನೀನ ಬರವಲ್ದು ನೋಡ," ಎಂದು ಅನ್ನಪೂರ್ಣಾ ಕೋಣೆಯಿಂದ ಕೂಗಿದಳು.

ಅಡುಗೆಮನೆಯಲ್ಲಿ ಕೆಂಪವ್ವ ಮಗಳ ಊಟಕ್ಕೆ ಅಕ್ಕಿ ತೊಳೆಯುತ್ತಿದ್ದಳು. ಅದು ಆರನೆಯ ನೀರು. ಬಾಣಂತಿಯ ಅಕ್ಕಿಗೆ ಏಳು ನೀರು ಆಗಬೇಕು, ಪಾತ್ರೆಯ ತಳ ಕನ್ನಡಿಯಂತೆ ಕಾಣಬೇಕು. ಕುದಿಸಿದ ಮೇಲೆ ಗಂಜಿಯನ್ನು ಒಂದು ಹನಿ ಉಳಿಯದಂತೆ ಬಸಿಯಬೇಕು. ಬಾಣಂತನ ಮಾಡುವುದರಲ್ಲಿ ಕೆಂಪವ್ವನ ಕೈ ಮೀರಿಸಿದವರು ಹೂಲಿಯ ಆ ಓಣಿಯಲ್ಲಿ ಇರಲಿಲ್ಲ. ಒದ್ದೆ ಕೈಯಲ್ಲೇ ಬಂದು ಕೂಸಿನ ಮುಖ ನೋಡಿದವಳು ಗೋಡೆ ಹಿಡಿದು ನಿಂತಳು.

ಆ ಬಾಯಿಯನ್ನು ಅವಳು ಮೊದಲೇ ಕಂಡಿದ್ದಳು. ಮೂವತ್ತೈದು ವರ್ಷದ ಹಿಂದೆ ಅವಳ ಚೊಚ್ಚಲ ಮಗ ಬಾಳು ಎರಡು ದಿನ ಹೀಗೆಯೇ ಸದ್ದಿಲ್ಲದೆ ಅತ್ತಿದ್ದ. ಮೂರನೆಯ ದಿನ ಬಾಯಿ ತೆರೆಯಲಿಲ್ಲ. ಆಗ ಅವನಿಗೆ ಎರಡೂವರೆ ತಿಂಗಳು. ಅಂಥ ಅಣ್ಣನೊಬ್ಬನಿದ್ದ ಎಂದು ಅನ್ನಪೂರ್ಣಾಳಿಗೆ ಅವಳು ಹೇಳಿಯೇ ಇರಲಿಲ್ಲ. ಪ್ರಣಿತಾಳಿಗೆ ಇವತ್ತಿಗೆ ಎರಡು ತಿಂಗಳು ಹದಿನೆಂಟು ದಿನ.

"ಹಾಲು ಕುಡೀತೇನು?"

"ನಿನ್ನೆಯಿಂದ ಕುಡಿವಲ್ದು. ಎದಿ ನೋಡ, ಹೆಂಗ ಏಳಾಕತ್ತೈತಿ."

ಆಟೋದ ನಿಜಗುಣಪ್ಪ ಕರೆದ ಕೂಡಲೇ ಬಂದ. ಕೂಸನ್ನು ನೋಡಿದವನೇ ಹಾಡು ಬಂದ್ ಮಾಡಿದ, ಗಾಳಿ ಬಡಿಯದಂತೆ ತನ್ನ ಟವೆಲನ್ನು ಪಕ್ಕಕ್ಕೆ ಕಟ್ಟಿದ. ಸವದತ್ತಿಯವರೆಗೆ ಪ್ರತಿ ತಗ್ಗಿನ ಮುಂದೆಯೂ ಆಟೋ ಮೆತ್ತಗಾಗುತ್ತಿತ್ತು. ಕೆಂಪವ್ವ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದು ಕುಳಿತಿದ್ದಳು. ಉಸಿರು ತಾಗುತ್ತಿತ್ತು, ಮತ್ತೆ ತಾಗುವವರೆಗೆ ಅವಳೂ ಉಸಿರು ಹಿಡಿಯುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಸ್ನೇಹಲ್ ಕೂಸಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟಳು, ಹೊಟ್ಟೆ ಒತ್ತಿ ನೋಡಿದಳು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಸಿ, ಕೂಸಿನತ್ತಲೇ ಕಣ್ಣಿಟ್ಟು ಕೇಳಿದಳು.

"ಬಾಣಂತಿಗೆ ಊಟಕ್ಕ ಏನ್ ಕೊಡ್ತೀರಿ?"

ಆ ಭಯದಲ್ಲೂ ಕೆಂಪವ್ವನ ದನಿಗೆ ಸ್ವಲ್ಪ ಹೆಮ್ಮೆ ಬಂತು. "ಮಲ್ಲಿಗಿ ಹೂವಿನಂಥ ಅಕ್ಕಿರಿ. ಏಳ್ ನೀರ್ ತೊಳದು, ಗಂಜಿ ಬಸದು, ಮ್ಯಾಲ ತುಪ್ಪ, ಬಳ್ಳೊಳ್ಳಿ. ಒಂದಿನಾನೂ ತಪ್ಪಿಸಿಲ್ರಿ."

"ಬ್ಯಾಳಿ? ರೊಟ್ಟಿ? ಪಲ್ಯೆ?"

"ಅಯ್ಯ ಶಿವನ! ಬ್ಯಾಳಿ ತಿಂದ್ರ ಕೂಸಿಗೆ ವಾಯು ಆಗತೈತ್ರಿ."

"ಬಸಿದ ಗಂಜಿ?"

"ಎಮ್ಮಿಗೆ ಹಾಕ್ತೀವ್ರಿ."

"ಎಮ್ಮಿ ಗಟ್ಟಿಮುಟ್ಟ ಇರಬೇಕಲ್ರಿ ಹಂಗಾರ," ಎಂದಳು ಸ್ನೇಹಲ್. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ. ನರ್ಸಿನ ಕಡೆ ತಿರುಗಿ, "ಥಯಾಮಿನ್ ತಗೊಂಡ್ ಬರ್ರಿ, ಲಗೂನ," ಎಂದಳು.

ಸೂಜಿ ಚುಚ್ಚಿದಾಗಲೂ ಕೂಸಿನ ಬಾಯಿ ಸದ್ದಿಲ್ಲದೆ ತೆರೆದುಕೊಂಡಿತು. ಅನ್ನಪೂರ್ಣಾ ಮುಖ ತಿರುಗಿಸಿದಳು.

ಸ್ನೇಹಲ್ ಕುರ್ಚಿ ಎಳೆದು ಕೆಂಪವ್ವನ ಎದುರಿಗೆ ಕುಳಿತಳು. "ಅವ್ವಾರ, ಒಲಿಯಾಗ ಕಟಗಿ ಭಾಳ ಐತಿ, ಹಚ್ಚಾಕ ಕಡ್ಡಿ ಇಲ್ಲಂದ್ರ? ಹಂಗ ಇದು. ಅನ್ನ ಹೊಟ್ಟಿಗೆ ಹೋದ್ರ ಸಾಲೂದಿಲ್ಲ, ಅದನ್ನ ಉರಿಸಿ ಶಕ್ತಿ ಮಾಡಾಕ ಈ ಥಯಾಮಿನ್ ಅನ್ನೂ ವಿಟಮಿನ್ ಬೇಕು. ಅಕ್ಕಿ ಮ್ಯಾಲಿನ ತೌಡಿನ್ಯಾಗ ಇರತೈತಿ. ತೌಡು ಮಿಲ್ಲಿನ್ಯಾಗ ಹೋತು. ಉಳಿದ ಚೂರು ನೀರಾಗ ಕರಗತೈತಿ, ಅದನ್ನ ನೀವು ತೊಳದ್ರಿ, ಬಸದ್ರಿ. ತಾಯಿ ಹಾಲಿನ್ಯಾಗ ಇಲ್ಲಂದ್ರ ಕೂಸಿಗೆ ಎಲ್ಲಿಂದ ಬರಬೇಕು? ಹೃದಯ ದಣದೈತಿ, ಗಂಟಲಿನ ನರ ಸೋತೈತಿ, ದನಿ ಅದಕ್ಕ ಹೋಗೈತಿ."

"ಉಳೀತೈತೇನ್ರಿ?"

"ಇನ್ನೊಂದೆರಡು ತಾಸಿನ್ಯಾಗ ಗೊತ್ತಾಗತೈತಿ. ಆದ್ರ ಇಕಿ ಇವತ್ತಿಂದ ಎಲ್ಲಾ ತಿನ್ನಬೇಕು."

ಸ್ನೇಹಲ್ ಎದ್ದಾಗ ಕೆಂಪವ್ವ ಅವಳ ಬಿಳಿ ಕೋಟಿನ ಅಂಚು ಹಿಡಿದಳು. "ಈ ಸೂಜಿ ಈಗ ಬಂದೈತೇನ್ರಿ, ಹೊಸಾದು?"

"ಇಲ್ಲವ್ವಾ, ಭಾಳ ಹಳೇದು. ನಮ್ಮಜ್ಜನ ಕಾಲದಾಗೂ ಇತ್ತು."

ಕೆಂಪವ್ವನ ಕೈ ತಾನಾಗಿ ಬಿಟ್ಟಿತು.

ಪಕ್ಕದ ಮಂಚದಲ್ಲಿ ಮೊಮ್ಮಗನನ್ನು ಮಲಗಿಸಿಕೊಂಡಿದ್ದ ಉಗರಗೋಳದ ಕೃಷ್ಣವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬುತ್ತಿಯ ಗಂಟು ಬಿಚ್ಚಿ, ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತಂದು ಅನ್ನಪೂರ್ಣಾಳ ಮುಂದೆ ಇಟ್ಟಳು. "ನಿನಗ ಊಟಕ್ಕ?" ಎಂದು ಕೆಂಪವ್ವ ಕೇಳಿದರೆ, "ನನಗ ಹಲ್ಲ ಎಲ್ಲೇವ ತಂಗಿ, ಇದನ್ನ ಹೊತ್ತುಕೊಂಡು ತಿರಗಾಕತ್ತೇನಿ," ಎಂದಳು. ಅವಳ ಹಲ್ಲು ನೆಟ್ಟಗೇ ಇದ್ದವು.

ಅನ್ನಪೂರ್ಣಾ ರೊಟ್ಟಿ ಮುಟ್ಟಲಿಲ್ಲ. ತಾಯಿಯ ಮುಖ ನೋಡಿದಳು.

ಕೆಂಪವ್ವ ರೊಟ್ಟಿಯನ್ನು ಕೈಗೆತ್ತಿಕೊಂಡಳು. ಡಾಕ್ಟರು ಸಣ್ಣ ವಯಸ್ಸಿನವಳು, ತಪ್ಪಿದ್ದರೆ? ಈ ತುತ್ತೇ ಕೂಸಿಗೆ ಮುಳುವಾದರೆ? ತನ್ನ ತಾಯಿ ಹೀಗೆ ಉಣಿಸಿದವಳಲ್ಲ. ತಾಯಿ ಉಣಿಸಿದ್ದು ಬಿಳಿ ಅನ್ನ, ತುಪ್ಪ, ಬಾಳು ಇದ್ದ ಎರಡೂವರೆ ತಿಂಗಳೂ. ಕೆಂಪವ್ವ ರೊಟ್ಟಿ ಮುರಿದಳು. ಪಲ್ಯ ಹಚ್ಚಿದ ತುತ್ತು ಮಗಳ ಬಾಯಿಯವರೆಗೆ ಹೋಯಿತು.

"ತಿನ್ನ."

ಬಿಸಿಲು ಕಿಟಕಿಯಿಂದ ಸರಿದು ನೆಲಕ್ಕೆ ಬಂತು. ಕೂಸಿನ ಎದೆಯ ಏರಿಳಿತ ಕಡಿಮೆಯಾದಂತೆ ಕಂಡಿತು. ಹಾಗೆಂದು ಹೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಸಂಜೆ ಚಹಾದ ಹೊತ್ತಿಗೆ ಪ್ರಣಿತಾ ಕಾಲು ಒದ್ದಳು, ಬಾಯಿ ತೆರೆದಳು. ಮೊದಲು ಹರಕು ಅರಿವೆ ಎಳೆದಂಥ ಸದ್ದು. ಆಮೇಲೆ ಅಳು, ಒಡಕಾದರೂ ಅಳು.

ಅನ್ನಪೂರ್ಣಾ ಕೂಸನ್ನು ಸಂತೈಸಲು ಬಾಗಿದಳು. ಕೆಂಪವ್ವ ಅವಳ ತೋಳು ಹಿಡಿದಳು.

"ಬಿಡ. ಒಂದೀಟ ಅಳಲಿ."

ಬಾಗಿಲಿನ ಬಳಿ ಚಹಾ ಹಂಚುತ್ತಿದ್ದವಳು ಕಿಟ್ಲಿ ಎತ್ತಿದಂತೆಯೇ ನಿಂತಿದ್ದಳು. ಕೆಂಪವ್ವ ಸೆರಗನ್ನು ಕಿವಿಯ ಹಿಂದೆ ಸರಿಸಿ, ಮಂಚದ ಅಂಚಿಗೆ ತಲೆ ತಗ್ಗಿಸಿ ಕೇಳುತ್ತ ಕುಳಿತಳು.